‘ಅಂಸಿಯಾ’, ‘ಅರಿಸಾ’, ‘ಮೊಳೆ’ : ಅರ್ಶಶಬ್ದದ ಅರ್ಥವಿಚಾರ

೧

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ಕಠಿನ ಶಬ್ದಗಳಿಂದ ಆಗುವ ಪ್ರಮಾದಕ್ಕಿಂತ ಸುಲಭವೆಂದು ತೋರುವ ಶಬ್ದಗಳಿಂದ ಆಗುವ ಪ್ರಮಾದವೇ ಹೆಚ್ಚು. ಕಠಿನ ಶಬ್ದ ಎದುರಾದಾಗ ಸಂಪಾದಕನು ಕೋಶವನ್ನು ತೆರೆಯುತ್ತಾನೆ, ಟೀಕೆಯನ್ನು ನೋಡುತ್ತಾನೆ, ಬಲ್ಲವರನ್ನು ಕೇಳುತ್ತಾನೆ. ಸುಲಭವಾದ ಶಬ್ದದ ಮುಂದೆ ಅವನು ನಿಲ್ಲುವುದೇ ಇಲ್ಲ. ವೈದ್ಯಕ ಪರಿಭಾಷೆಯಲ್ಲಿ ‘ಅರ್ಶಸ್’ ಅಂತಹ ಒಂದು ಶಬ್ದ. ಅರ್ಶವೆಂದರೆ ಮೂಲವ್ಯಾಧಿ ಎಂದು ಎಲ್ಲರೂ ಬಲ್ಲರು. ಆದುದರಿಂದ ಗ್ರಂಥದಲ್ಲಿ ಅದು ಎಲ್ಲಿ ಬಂದರೂ, ಅದರ ಪ್ರಾಕೃತ ರೂಪಗಳು ಎಲ್ಲಿ ಬಂದರೂ, ‘ಮೂಲವ್ಯಾಧಿ’ ಎಂದು ಬರೆದು ಮುಂದೆ ಸಾಗುವುದು ರೂಢಿಯಾಗಿದೆ. ಹಸ್ತಪ್ರತಿಗಳ ಸೂಚಿಗಳಲ್ಲಿಯೂ ಆಗಮಗಳ ದೇಶಭಾಷಾನುವಾದಗಳಲ್ಲಿಯೂ ಈ ರೂಢಿ ನೆಲೆಸುವ ಅಪಾಯವಿದೆ.

ಈ ರೂಢಿ ಎಲ್ಲೆಡೆಯೂ ಸಲ್ಲತಕ್ಕದ್ದಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯ. ಅರ್ಶಶಬ್ದವು ಮೂಲತಃ ದೇಹದ ಒಂದು ಸ್ಥಾನದ ರೋಗವನ್ನಲ್ಲ, ಹೊರಚಾಚಿದ ಮಾಂಸವನ್ನು ಹೇಳುತ್ತದೆ. ಅದು ಗುದದಲ್ಲಿರಬಹುದು, ಮೂಗಿನಲ್ಲಿರಬಹುದು, ಕಿವಿಯಲ್ಲಿರಬಹುದು. ಸ್ಥಾನವನ್ನು ಪ್ರಕರಣದಿಂದ ನಿಶ್ಚಯಿಸಬೇಕೇ ಹೊರತು ಶಬ್ದದಿಂದಲ್ಲ. ಇದು ಕೇವಲ ವೈದ್ಯರ ವಾಗ್ವಾದವೂ ಅಲ್ಲ. ಆಗಮದ ಒಂದು ಪ್ರಸಿದ್ಧ ಪ್ರಶ್ನೋತ್ತರದ ತಾತ್ಪರ್ಯವೂ, ಮುನಿಗಳ ಆಚಾರಕ್ಕೆ ಸಂಬಂಧಿಸಿದ ಒಂದು ನಿಷೇಧದ ವ್ಯಾಪ್ತಿಯೂ ಈ ಶಬ್ದದ ಅರ್ಥವನ್ನು ಅವಲಂಬಿಸಿವೆ.

ಮೊದಲೇ ಒಂದು ಮಾತು. ಇಲ್ಲಿ ಉಲ್ಲೇಖಿಸಿರುವ ಆಗಮಗಳು ಶ್ವೇತಾಂಬರ ಪರಂಪರೆಯಲ್ಲಿ ಉಳಿದು ಬಂದವು. ದಿಗಂಬರ ಸಂಪ್ರದಾಯದ ಪಂಡಿತರು ಅವುಗಳ ಪ್ರಾಮಾಣ್ಯವನ್ನು ಒಪ್ಪಬೇಕೆಂಬ ಆಗ್ರಹ ಇಲ್ಲಿಲ್ಲ. ಶಬ್ದದ ಇತಿಹಾಸಕ್ಕೆ ಅವು ಸಾಕ್ಷಿಗಳು. ಆ ಮಟ್ಟಿಗೆ ಅವುಗಳನ್ನು ಇಲ್ಲಿ ಬಳಸಲಾಗಿದೆ.

೨

ಶಬ್ದದ ವಯಸ್ಸನ್ನು ಮೊದಲು ನೋಡೋಣ. ಶುಕ್ಲಯಜುರ್ವೇದದ ವಾಜಸನೇಯಿ ಸಂಹಿತೆಯ ಹನ್ನೆರಡನೆಯ ಅಧ್ಯಾಯದಲ್ಲಿ, ಓಷಧಿಗಳನ್ನು ಸ್ತುತಿಸುವ ಮಂತ್ರಗಳ ನಡುವೆ, ಬಲಾಸ ಮತ್ತು ಉಪಚಿತ್ ಎಂಬ ರೋಗಗಳೊಡನೆ ಅರ್ಶಸ್ಸಿನ ಹೆಸರು ಬರುತ್ತದೆ. ಅಲ್ಲಿ ಸ್ಥಾನದ ಮಾತಿಲ್ಲ. ಪಾಣಿನಿಯು ಮತ್ವರ್ಥದ ಪ್ರತ್ಯಯವೊಂದನ್ನು ವಿಧಿಸುವಾಗ ಇದೇ ಶಬ್ದವನ್ನು ಮುಂದಿಟ್ಟು ‘ಅರ್ಶಆದಿ’ ಗಣವನ್ನು ಹೇಳಿದ್ದಾನೆ (೫-೨-೧೨೭). ಅರ್ಶಸ್ಸುಳ್ಳವನು ‘ಅರ್ಶಸ’. ಒಂದು ಗಣಕ್ಕೇ ಹೆಸರಾಗುವಷ್ಟು ಶಬ್ದವು ಆ ಕಾಲಕ್ಕೆ ಬಳಕೆಯಲ್ಲಿತ್ತೆಂದು ತಿಳಿಯಬಹುದು.

ವ್ಯುತ್ಪತ್ತಿಯಲ್ಲಿ ಎರಡು ದಾರಿಗಳಿವೆ. ವೈಯಾಕರಣರು ಉಣಾದಿ ಪ್ರಕ್ರಿಯೆಯಿಂದ ‘ಋ’ ಧಾತುವಿಗೆ ಅಸುನ್ ಪ್ರತ್ಯಯವನ್ನೂ, ವ್ಯಾಧಿ ಎಂಬ ಅರ್ಥದಲ್ಲಿ ಶುಟ್ ಆಗಮವನ್ನೂ ತಂದು ರೂಪವನ್ನು ಸಾಧಿಸುತ್ತಾರೆ. ರೂಪಸಿದ್ಧಿಗೆ ಇದು ಸಾಕು. ಅರ್ಥಕ್ಕೆ ಇದರಿಂದ ದೊರೆಯುವ ಬೆಳಕು ಸ್ವಲ್ಪವೇ. ವೈದ್ಯರ ದಾರಿ ಬೇರೆ. ಅಷ್ಟಾಂಗಹೃದಯದ ನಿದಾನಸ್ಥಾನದ ಏಳನೆಯ ಅಧ್ಯಾಯದ ಆರಂಭದಲ್ಲಿಯೇ ವಾಗ್ಭಟನು, ಮಾಂಸದ ಕೀಲಗಳು ಗುದಮಾರ್ಗವನ್ನು ತಡೆದು ಪ್ರಾಣಿಗಳನ್ನು ‘ಅರಿ’ಯಂತೆ, ಎಂದರೆ ಶತ್ರುವಿನಂತೆ, ಹಿಂಸಿಸುವುದರಿಂದ ಅವುಗಳಿಗೆ ಅರ್ಶಸ್ಸೆಂದು ಹೆಸರಾಯಿತೆಂದು ನಿರ್ವಚಿಸುತ್ತಾನೆ. ಅರಿ ಎಂಬ ನಾಮವೂ ಹಿಂಸಾರ್ಥದ ‘ಶಸ್’ ಧಾತುವೂ ಕೂಡಿ ಅರ್ಶಸ್ ಆಯಿತೆಂಬುದು ಇದರ ಭಾವ.

ಇಂತಹ ನಿರ್ವಚನಗಳನ್ನು ಆಧುನಿಕ ಭಾಷಾಶಾಸ್ತ್ರಜ್ಞರು ಲೋಕನಿರುಕ್ತಿ ಎಂದು ತಳ್ಳಿಹಾಕುವುದುಂಟು. ರೂಪದ ದೃಷ್ಟಿಯಿಂದ ಅದು ಸರಿಯಿರಬಹುದು. ಅರ್ಥದ ದೃಷ್ಟಿಯಿಂದ ವಾಗ್ಭಟನ ಊಹೆ ದೂರ ಹೋಗಿಲ್ಲ. ಋಗ್ವೇದದಲ್ಲಿ ‘ಅರ್ಶಸಾನ’ ಎಂಬ ಶಬ್ದವಿದೆ. ಹಿಂಸಿಸಲು ಹವಣಿಸುವವನು, ಕೇಡಿಗನು ಎಂದು ಅದರ ಅರ್ಥ. ಅರ್ಶಸ್ ಮತ್ತು ಅರ್ಶಸಾನ ಒಂದೇ ಬುಡದವಾದರೆ, ಅರ್ಶಸ್ಸಿನ ಮೊದಲ ಅರ್ಥ ‘ಬಾಧೆ’ ಎಂದಷ್ಟೇ ಆಗುತ್ತದೆ. ಆಗ ಶಬ್ದದಲ್ಲಿ ಗುದವೂ ಇಲ್ಲ, ಮೊಳಕೆಯೂ ಇಲ್ಲ. ಮಾಂಸದ ಚಾಚಿಕೆ ಎಂಬುದು ವೈದ್ಯರು ಕಂಡ ವಸ್ತುವಿನಿಂದ ಶಬ್ದಕ್ಕೆ ಬಂದ ಅರ್ಥ. ಗುದವೆಂಬ ಸ್ಥಾನ ಅದಕ್ಕೂ ಈಚೆಗೆ ಬಂದ ಸಂಕೋಚ.

೩

ಈ ಸಂಕೋಚ ನಡೆದ ಬಗೆಯನ್ನು ಸಂಹಿತೆಗಳೇ ತಿಳಿಸುತ್ತವೆ. ಸುಶ್ರುತಸಂಹಿತೆಯ ನಿದಾನಸ್ಥಾನದ ಎರಡನೆಯ ಅಧ್ಯಾಯ ಅರ್ಶೋನಿದಾನ. ಅಲ್ಲಿ ಗುದದ ಮೂರು ವಲಿಗಳನ್ನೂ (ಪ್ರವಾಹಣೀ, ವಿಸರ್ಜನೀ, ಸಂವರಣೀ) ಆರು ಬಗೆಯ ಅರ್ಶಸ್ಸುಗಳನ್ನೂ ವಿವರಿಸಿದ ಬಳಿಕ ಗ್ರಂಥಕಾರನು ನಿಲ್ಲುವುದಿಲ್ಲ. ಜನನೇಂದ್ರಿಯ, ನಾಭಿ, ಕಿವಿ, ಕಣ್ಣು, ಮೂಗು, ಬಾಯಿ ಈ ಸ್ಥಾನಗಳಲ್ಲಿ ಹುಟ್ಟುವ ಅರ್ಶಸ್ಸುಗಳನ್ನು ಹೇಳುತ್ತಾನೆ. ಮೂಗಿನಲ್ಲಿ ಹುಟ್ಟಿದರೆ ನೆಗಡಿ, ಸೀನು, ಉಸಿರಾಟದ ಕಷ್ಟ, ದುರ್ಗಂಧ ಉಂಟಾಗುವುವೆಂದು ಲಕ್ಷಣಗಳನ್ನೂ ಕೊಡುತ್ತಾನೆ. ಚರ್ಮದ ಮೇಲೆ ಕೀಲದಂತೆ ಗಟ್ಟಿಯಾಗಿ ಏಳುವವುಗಳನ್ನು, ಎಂದರೆ ಕನ್ನಡದಲ್ಲಿ ನರಹುಲಿ ಎನ್ನುವಂತಹವನ್ನು, ‘ಚರ್ಮಕೀಲ’ ಎಂದು ಹೆಸರಿಸಿ ಅವೂ ಅರ್ಶಸ್ಸುಗಳೇ ಎನ್ನುತ್ತಾನೆ. ಉತ್ತರತಂತ್ರದಲ್ಲಿ ನಾಸಾರೋಗಗಳನ್ನು ಎಣಿಸುವಾಗ ನಾಲ್ಕು ಬಗೆಯ ಅರ್ಶಸ್ಸುಗಳು ಮತ್ತೆ ಬರುತ್ತವೆ.

ಚರಕಸಂಹಿತೆಯ ನಿಲುವು ಬೇರೆ. ಚಿಕಿತ್ಸಾಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ, ಕೆಲವರು ಅರ್ಶಸ್ಸಿಗೆ ಇನ್ನೂ ಹೆಚ್ಚು ಸ್ಥಾನಗಳನ್ನು ಹೇಳುತ್ತಾರೆಂದು ಪೂರ್ವಪಕ್ಷವನ್ನು ತಂದು, ಜನನೇಂದ್ರಿಯ, ಗಂಟಲು, ಅಂಗುಳ, ಬಾಯಿ, ಮೂಗು, ಕಿವಿ, ಕಣ್ಣೆವೆ, ಚರ್ಮ ಇವನ್ನು ಎಣಿಸಿ, ಅಲ್ಲಿ ಹುಟ್ಟುವುದು ‘ಅಧಿಮಾಂಸ’ವೆಂದೂ, ಗುದವಲಿಗಳಲ್ಲಿ ಹುಟ್ಟಿದುದಕ್ಕೆ ಮಾತ್ರ ಅರ್ಶಸ್ಸೆಂಬ ಸಂಜ್ಞೆ ‘ಈ ತಂತ್ರದಲ್ಲಿ’ ಎಂದೂ ನಿರ್ಣಯಿಸಲಾಗಿದೆ.

ಈ ಕೊನೆಯ ಮಾತು ಗಮನಾರ್ಹ. ಸಂಕುಚಿತವಾದ ಅರ್ಥವು ಲೋಕದ ಅರ್ಥವೆಂದು ಚರಕಸಂಹಿತೆ ಹೇಳುತ್ತಿಲ್ಲ. ತನ್ನ ತಂತ್ರದ ವ್ಯವಸ್ಥೆಗಾಗಿ ಮಾಡಿಕೊಂಡ ಪರಿಭಾಷೆ ಎಂದು ಹೇಳುತ್ತಿದೆ. ಪರಿಭಾಷೆಯು ತನ್ನ ಶಾಸ್ತ್ರದ ಎಲ್ಲೆಯೊಳಗೆ ಮಾತ್ರ ಪ್ರಮಾಣ. ಅದನ್ನು ಬೇರೊಂದು ಶಾಸ್ತ್ರಕ್ಕೋ ಆಗಮಕ್ಕೋ ಒಯ್ದು ಹೇರುವುದು ನ್ಯಾಯವಲ್ಲ.

ಕಾಯಚಿಕಿತ್ಸಕರು ಸಂಕುಚಿತಾರ್ಥವನ್ನೂ ಶಲ್ಯತಂತ್ರದವರು ವಿಶಾಲಾರ್ಥವನ್ನೂ ಹಿಡಿದುದಕ್ಕೆ ಕಾರಣವಿಲ್ಲದೆ ಇಲ್ಲ. ಔಷಧವನ್ನೂ ಪಥ್ಯವನ್ನೂ ಪ್ರಧಾನವಾಗಿ ಉಪದೇಶಿಸುವ ವೈದ್ಯನಿಗೆ ಗುದದ ರೋಗ ಬೇರೆ, ಮೂಗಿನ ರೋಗ ಬೇರೆ. ಒಂದಕ್ಕೆ ಜಠರಾಗ್ನಿ ಮುಖ್ಯ, ಇನ್ನೊಂದಕ್ಕೆ ಶಿರಸ್ಸು ಮುಖ್ಯ. ಕೈಯಲ್ಲಿ ಉಪಕರಣವನ್ನು ಹಿಡಿದವನಿಗಾದರೋ ಹೊರಚಾಚಿದ ಮಾಂಸ ಎಲ್ಲಿದ್ದರೂ ಕೆಲಸ ಒಂದೇ ಜಾತಿಯದು. ಭೇಷಜ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಸುಶ್ರುತಸಂಹಿತೆ ಅರ್ಶಸ್ಸಿಗೆ ವಿಧಿಸಿರುವುದನ್ನು ಇಲ್ಲಿ ನೆನೆಯಬಹುದು.

೪

ಇನ್ನು ಪ್ರಾಕೃತಕ್ಕೆ ಬರೋಣ. ಅರ್ಶಸ್ಸಿಗೆ ಆಗಮಗಳಲ್ಲಿ ಎರಡು ರೂಪಗಳು ಕಾಣುತ್ತವೆ : ‘ಅರಿಸಾ’ ಮತ್ತು ‘ಅಂಸಿಯಾ’. ಮೇಲುನೋಟಕ್ಕೆ ಇವು ಎರಡು ಬೇರೆ ಶಬ್ದಗಳೆಂದೇ ತೋರುವುವು. ಆದರೆ ‘ದರ್ಶನ’ ಶಬ್ದದ ಗತಿಯನ್ನು ಬಲ್ಲವರಿಗೆ ಸಂದೇಹವುಳಿಯದು. ದರ್ಶನವು ಪ್ರಾಕೃತದಲ್ಲಿ ‘ದರಿಸಣ’ ಎಂದೂ ಆಗುತ್ತದೆ, ‘ದಂಸಣ’ ಎಂದೂ ಆಗುತ್ತದೆ. ಕುಂದಕುಂದಾಚಾರ್ಯರ ದಂಸಣಪಾಹುಡದ ಹೆಸರನ್ನು ಕೇಳದ ಜೈನ ಪಂಡಿತರಿಲ್ಲ. ಹೇಮಚಂದ್ರಾಚಾರ್ಯರು ತಮ್ಮ ಪ್ರಾಕೃತ ವ್ಯಾಕರಣದಲ್ಲಿ ‘ರ್ಶ’, ‘ರ್ಷ’ ಸಂಯುಕ್ತಾಕ್ಷರಗಳ ನಡುವೆ ಇಕಾರವು ವಿಕಲ್ಪವಾಗಿ ಬರುವುದೆಂದು ವಿಧಿಸಿ (೮-೨-೧೦೫), ‘ಆಯರಿಸ–ಆಯಂಸ’, ‘ಸುದರಿಸಣ–ಸುದಂಸಣ’ ಮೊದಲಾದ ಜೋಡಿಗಳನ್ನು ತೋರಿಸಿದ್ದಾರೆ. ಇಕಾರ ಬಂದಾಗ ಸಂಯುಕ್ತವು ಬಿಡಿಸಿಕೊಳ್ಳುತ್ತದೆ. ಬಾರದಾಗ ರೇಫವು ಲೋಪವಾಗಿ ಅದರ ಸ್ಥಾನವನ್ನು ಅನುಸ್ವಾರವು ತುಂಬುತ್ತದೆ. ದರಿಸಣಕ್ಕೆ ದಂಸಣ ಹೇಗೋ ಅರಿಸಕ್ಕೆ ಅಂಸಿಯಾ ಹಾಗೆಯೇ. ಕೊನೆಯ ‘ಇಯಾ’ ಸ್ವಾರ್ಥಿಕ ಪ್ರತ್ಯಯದ ಶೇಷ.

ಎರಡು ರೂಪಗಳೂ ಒಂದೇ ಶಬ್ದದವು ಎಂಬುದು ಹೀಗೆ ಸಿದ್ಧವಾಯಿತು. ಆದರೆ ಅವು ಬಂದಿರುವ ಪ್ರಕರಣಗಳು ಬೇರೆ ಬೇರೆ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

‘ಅರಿಸಾ’ ಬರುವುದು ವಿಪಾಕಶ್ರುತದ ಮೃಗಾಪುತ್ರನ ಅಧ್ಯಯನದಲ್ಲಿಯೂ ಜ್ಞಾತಾಧರ್ಮಕಥೆಯ ನಂದ ಮಣಿಕಾರನ ಕಥೆಯಲ್ಲಿಯೂ ಹೇಳಿರುವ ಹದಿನಾರು ರೋಗಗಳ ಪಟ್ಟಿಯಲ್ಲಿ. ಉಬ್ಬಸ, ಕೆಮ್ಮು, ಜ್ವರ, ದಾಹ, ಹೊಟ್ಟೆಶೂಲೆಗಳನ್ನು ಹೇಳಿ, ಭಗಂದರದ ಮಗ್ಗುಲಲ್ಲಿ ಅರಿಸವನ್ನೂ, ಅದರ ಮುಂದೆ ಅಜೀರ್ಣವನ್ನೂ ಇಡಲಾಗಿದೆ. ಕಣ್ಣಿನ ಮತ್ತು ಕಿವಿಯ ಬೇನೆಗಳಿಗೆ ಅಲ್ಲಿ ಬೇರೆ ಹೆಸರುಗಳಿವೆ. ಹಿಂದೆ ಭಗಂದರ, ಮುಂದೆ ಅಜೀರ್ಣ. ಇವುಗಳ ನಡುವೆ ನಿಂತ ಅರಿಸವು ಗುದದ ಅರ್ಶಸ್ಸೇ ಆಗಿರಬೇಕು. ಇಲ್ಲಿ ‘ಮೂಲವ್ಯಾಧಿ’ ಎಂಬ ಅನುವಾದ ನಿರ್ದುಷ್ಟ. ಆಚಾರಾಂಗದ ಧೂತಾಧ್ಯಯನದಲ್ಲಿ ಬರುವ ಹದಿನಾರರ ಪಟ್ಟಿಯಲ್ಲಿ ಅರಿಸವು ಇಲ್ಲವೆಂಬುದನ್ನೂ ಗಮನಿಸಬೇಕು. ಹದಿನಾರೆಂಬ ಸಂಖ್ಯೆ ಒಂದೇ ಆದರೂ ಪಟ್ಟಿಗಳು ಎರಡು. ಒಂದರ ಪಾಠವನ್ನು ಇನ್ನೊಂದರಿಂದ ತಿದ್ದಬಾರದು.

೫

‘ಅಂಸಿಯಾ’ ಬರುವುದು ಭಗವತೀಸೂತ್ರದ ಹದಿನಾರನೆಯ ಶತಕದ ಮೂರನೆಯ ಉದ್ದೇಶಕದಲ್ಲಿ. ಪ್ರಸಂಗ ಹೀಗಿದೆ : ಭಾವಿತಾತ್ಮನಾದ ಒಬ್ಬ ಅನಗಾರನು ನಿರಂತರವಾಗಿ ಷಷ್ಠೋಪವಾಸಗಳನ್ನು ಮಾಡುತ್ತ ಆತಾಪನೆಯಲ್ಲಿ ನಿಂತಿದ್ದಾನೆ. ಹಗಲಿನ ಪೂರ್ವಾರ್ಧದಲ್ಲಿ ಕೈಕಾಲುಗಳನ್ನು ಮಡಿಸುವುದಾಗಲಿ ಚಾಚುವುದಾಗಲಿ ಅವನಿಗೆ ಸಲ್ಲದು. ಅವನಿಗೆ ಅಂಸಿಯಾಗಳು ಜೋಲುತ್ತಿವೆ. ವೈದ್ಯನೊಬ್ಬನು ಅದನ್ನು ಕಂಡು, ಅವನನ್ನು ಸ್ವಲ್ಪ ಕೆಡಹಿ, ಅವನ್ನು ಛೇದಿಸುತ್ತಾನೆ. ಛೇದಿಸಿದವನಿಗೆ ಕ್ರಿಯೆ ಉಂಟೇ? ಛೇದಿಸಲ್ಪಟ್ಟವನಿಗೆ ಉಂಟೇ? ಛೇದಿಸಿದವನಿಗೆ ಕ್ರಿಯೆಯುಂಟು, ಮುನಿಗೆ ಇಲ್ಲ, ಧರ್ಮಾಂತರಾಯವೊಂದನ್ನು ಬಿಟ್ಟು ಎಂದು ಉತ್ತರ.

ಇಲ್ಲಿ ಅಂಸಿಯಾ ಎಂದರೇನು? ವಿಕ್ರಮ ಸಂವತ್ ೧೧೨೮ರಲ್ಲಿ, ಎಂದರೆ ಕ್ರಿ. ಶ. ೧೦೭೧ರ ಸುಮಾರಿಗೆ, ಭಗವತೀವೃತ್ತಿಯನ್ನು ಮುಗಿಸಿದ ಅಭಯದೇವಸೂರಿಗಳು ಶಬ್ದಕ್ಕೆ ಅರ್ಶಸ್ಸೆಂದು ಅರ್ಥ ಬರೆದು, ಅವು ಮೂಗಿಗೆ ಸೇರಿದವೆಂದು ಚೂರ್ಣಿಕಾರರ ಅಭಿಪ್ರಾಯವೆಂದು ತಿಳಿಸುತ್ತಾರೆ. ಅರ್ಶಸ್ಸೆಂದರೆ ಮೂಲವ್ಯಾಧಿ ಎಂಬ ರೂಢಿಯಲ್ಲಿ ಬೆಳೆದ ಓದುಗನಿಗೆ ಈ ಮಾತು ಕ್ಲಿಷ್ಟಕಲ್ಪನೆಯಂತೆ ಕಂಡೀತು. ಮೂಲದ ವಾಕ್ಯವನ್ನು ನಿಧಾನವಾಗಿ ಓದಿದರೆ ಚೂರ್ಣಿಕಾರರ ಪಕ್ಷವೇ ಬಲವಾಗಿ ನಿಲ್ಲುತ್ತದೆ.

ಮೊದಲನೆಯದಾಗಿ, ವೈದ್ಯನು ಯಾರೂ ಕರೆಯದೆ, ಮುನಿಯು ಏನನ್ನೂ ಹೇಳದೆ, ದೂರದಿಂದಲೇ ರೋಗವನ್ನು ‘ಕಂಡನು’. ನಿಶ್ಚಲನಾಗಿ ನಿಂತವನ ಮುಖದಲ್ಲಿರುವುದು ಕಾಣುತ್ತದೆ, ಗುದದಲ್ಲಿರುವುದು ಕಾಣದು. ಎರಡನೆಯದಾಗಿ, ಕ್ರಿಯಾಪದವು ‘ಜೋಲುತ್ತಿವೆ’ ಎಂದಿದೆ. ಮೂಗಿನ ಹೊಳ್ಳೆಯಿಂದ ಇಳಿಬಿದ್ದ ಮಾಂಸಕ್ಕೆ ಈ ಮಾತು ಎಷ್ಟು ಸಹಜವೋ ಗುದವಲಿಗಳ ಅರ್ಶಸ್ಸಿಗೆ ಅಷ್ಟು ಸಹಜವಲ್ಲ. ಮೂರನೆಯದಾಗಿ, ಮುನಿಯನ್ನು ‘ಸ್ವಲ್ಪ’ ಕೆಡಹಿದರೆ ಕೆಲಸ ಸಾಗಿತು. ಗುದದ ಅರ್ಶಸ್ಸಿನ ಶಸ್ತ್ರಕರ್ಮಕ್ಕೆ ರೋಗಿಯನ್ನು ವಿಶಿಷ್ಟ ಭಂಗಿಯಲ್ಲಿ ಮಲಗಿಸಿ, ಹಿಡಿಯುವವರನ್ನು ಇಟ್ಟುಕೊಂಡು, ಯಂತ್ರವನ್ನು ಪ್ರಯೋಗಿಸಬೇಕೆಂದು ಶಲ್ಯತಂತ್ರವು ವಿಸ್ತಾರವಾಗಿ ಹೇಳುತ್ತದೆ. ಒಬ್ಬನೇ ವೈದ್ಯನು ದಾರಿಯಲ್ಲಿ ನಿಂತು ಮಾಡುವ ಕೆಲಸವಲ್ಲ ಅದು.

ಜೋಲುವಷ್ಟು ಬೆಳೆದ ಗುದಾರ್ಶವೂ ಇರಬಾರದೇಕೆ, ವಸ್ತ್ರವು ವಿರಳವಾಗಿದ್ದ ಮುನಿಯಲ್ಲಿ ಅದು ಕಂಡಿರಬಾರದೇಕೆ ಎಂಬ ಆಕ್ಷೇಪ ಬರಬಹುದು. ಅಸಾಧ್ಯವೆಂದು ಹೇಳಲಾಗದು. ಆದರೆ ಮೂರು ಲಿಂಗಗಳೂ ಒಂದೇ ಕಡೆಗೆ ತೋರುತ್ತಿರುವಾಗ, ಪರಂಪರೆಯ ವ್ಯಾಖ್ಯಾನವೂ ಅದನ್ನೇ ಹೇಳುತ್ತಿರುವಾಗ, ಕೇವಲ ಸಾಧ್ಯವೆಂಬ ಕಾರಣದಿಂದ ಬೇರೆ ಅರ್ಥವನ್ನು ಹಿಡಿಯುವುದು ಸಂಪಾದಕಧರ್ಮವಲ್ಲ. ಚೂರ್ಣಿಕಾರರು ಸ್ಥಾನವನ್ನು ಬಿಡಿಸಿ ಹೇಳಬೇಕೆಂದು ಭಾವಿಸಿದುದೇ, ಶಬ್ದದಿಂದ ಸ್ಥಾನವು ತಿಳಿಯುತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ.

ತಾತ್ಪರ್ಯದ ದೃಷ್ಟಿಯಿಂದಲೂ ಇದು ಮುಖ್ಯ. ಪ್ರಶ್ನೆಯ ಜೀವಾಳವಿರುವುದು ಮುನಿಯ ಉದಾಸೀನತೆಯಲ್ಲಿ. ಅವನು ಚಿಕಿತ್ಸೆಯನ್ನು ಬಯಸಲಿಲ್ಲ, ಸಹಕರಿಸಲಿಲ್ಲ, ತಡೆಯಲೂ ಇಲ್ಲ. ಕ್ಷಣಮಾತ್ರದಲ್ಲಿ ಪರಕೃತವಾಗಿ ನಡೆದುಹೋದ ಕ್ರಿಯೆ ಅದು. ಅದಕ್ಕಾಗಿಯೇ ಅವನಿಗೆ ಕ್ರಿಯೆಯಿಲ್ಲ, ಧ್ಯಾನಕ್ಕೆ ಬಂದ ವಿಘ್ನ ಮಾತ್ರ ಉಂಟು. ಅಂಸಿಯಾವನ್ನು ಮೂಲವ್ಯಾಧಿ ಎಂದು ಮಾಡಿದರೆ, ದೀರ್ಘವೂ ರೋಗಿಯ ಸಹಕಾರವನ್ನು ಬೇಡುವಂತಹದೂ ಆದ ಶಸ್ತ್ರಕರ್ಮವನ್ನು ಕಲ್ಪಿಸಬೇಕಾಗುತ್ತದೆ. ಆಗ ಮುನಿಯ ಉದಾಸೀನತೆಯೇ ಸಂಶಯಾಸ್ಪದವಾಗಿ ದೃಷ್ಟಾಂತವು ಸಡಿಲವಾಗುತ್ತದೆ. ಒಂದು ಶಬ್ದದ ತಪ್ಪು ಅನುವಾದವು ಸಿದ್ಧಾಂತವನ್ನು ಮುಟ್ಟುವುದು ಹೀಗೆ.

೬

ಮೂರನೆಯ ಸ್ಥಳ ನಿಶೀಥಸೂತ್ರದ ಮೂರನೆಯ ಉದ್ದೇಶಕ. ಮುನಿಯು ತನ್ನ ದೇಹದಲ್ಲಿಯ ಗಂಡ, ಪಿಲಗ, ಅರಇಯ, ಅಸಿಯ, ಭಗಂದಲ ಇವುಗಳನ್ನು ಹರಿತವಾದ ಶಸ್ತ್ರದಿಂದ ಛೇದಿಸಿಕೊಂಡರೆ ಲಘುಮಾಸಿಕ ಪ್ರಾಯಶ್ಚಿತ್ತವೆಂದು ಅಲ್ಲಿ ವಿಧಿಸಿದೆ. ಇಲ್ಲಿ ನಮಗೆ ಬೇಕಾದುದು ‘ಅಸಿಯ’. ಜಿನದಾಸಗಣಿ ಮಹತ್ತರರ ನಿಶೀಥಚೂರ್ಣಿಯು ಇದಕ್ಕೆ ‘ಅರಿಸಾ’ ಎಂದು ಅರ್ಥವನ್ನು ಕೊಟ್ಟು, ಅವು ಗುದದಲ್ಲಿಯೂ ಮೂಗಿನಲ್ಲಿಯೂ ವ್ರಣಗಳಲ್ಲಿಯೂ ಆಗುತ್ತವೆಂದು ತಿಳಿಸುತ್ತದೆ.

ಮೊದಲು ಪಾಠದ ವಿಚಾರ. ಭಗವತಿಯ ‘ಅಂಸಿಯಾ’ಕ್ಕೂ ನಿಶೀಥದ ‘ಅಸಿಯ’ಕ್ಕೂ ನಡುವೆ ಇರುವುದು ಒಂದು ಬಿಂದು ಮಾತ್ರ. ನಾಗರೀ ಪ್ರತಿಗಳಲ್ಲಿ ತಲೆಯ ಮೇಲಿನ ಬಿಂದುವೂ, ಕನ್ನಡ ತಾಡವಾಲೆಗಳಲ್ಲಿ ಪಕ್ಕದ ಸೊನ್ನೆಯೂ ಎಷ್ಟು ಸುಲಭವಾಗಿ ಅಳಿಯುವುವೆಂಬುದು ಪ್ರತಿಗಳನ್ನು ಓದಿದ ಎಲ್ಲರ ಅನುಭವ. ಹಾಗೆಂದು ನಿಶೀಥದ ಪಾಠಕ್ಕೆ ಬಿಂದುವನ್ನು ಸೇರಿಸಿ ತಿದ್ದುವುದು ಸಾಧುವಲ್ಲ. ಚೂರ್ಣಿಯೂ ಬಿಂದುವಿಲ್ಲದ ರೂಪವನ್ನೇ ಎತ್ತಿಕೊಂಡು ವ್ಯಾಖ್ಯಾನಿಸುವುದರಿಂದ, ಆ ರೂಪ ಪ್ರಾಚೀನವೆಂದೇ ಎಣಿಸಬೇಕು. ಪಾಠವನ್ನು ಇದ್ದಂತೆ ಉಳಿಸಿ, ಅಡಿಯಲ್ಲಿ ಭಗವತಿಯ ರೂಪವನ್ನು ಸೂಚಿಸುವುದು ಸರಿಯಾದ ಕ್ರಮ. ಬಿಂದುವಿಲ್ಲದ ಈ ರೂಪವನ್ನು ಕತ್ತಿ ಎಂಬ ಅರ್ಥದ ‘ಅಸಿ’ಯೊಡನೆ ಗಂಟುಹಾಕುವುದಕ್ಕಾಗಲಿ, ಬಿಂದುವುಳ್ಳ ರೂಪವನ್ನು ಬೃಹತ್ಕಲ್ಪದಲ್ಲಿ ವಸತಿಸ್ಥಾನಗಳ ನಡುವೆ ಬರುವ, ‘ಅಂಶಿಕಾ’ದಿಂದ ಹುಟ್ಟಿದ ‘ಅಂಸಿಯಾ’ದೊಡನೆ ಬೆರಸುವುದಕ್ಕಾಗಲಿ ಆಸ್ಪದವಿಲ್ಲ.

ಇನ್ನು ಅರ್ಥದ ವಿಚಾರ. ಇಲ್ಲಿಯೂ ಭಗಂದಲದ ಸಾನ್ನಿಧ್ಯವಿದೆ. ಆದುದರಿಂದ ವಿಪಾಕಶ್ರುತದಲ್ಲಿ ಮಾಡಿದಂತೆ ಇಲ್ಲಿಯೂ ಗುದಾರ್ಶವನ್ನೇ ಹಿಡಿಯಬೇಕಲ್ಲವೇ ಎಂದು ಕೇಳಬಹುದು. ಪಟ್ಟಿಯ ಸ್ವರೂಪ ಬೇರೆಯಾಗಿದೆ. ವಿಪಾಕಶ್ರುತದ್ದು ರೋಗಗಳ ಪಟ್ಟಿ. ನಿಶೀಥದ್ದು ಶಸ್ತ್ರದಿಂದ ಛೇದಿಸಬಹುದಾದ ಬಾವು, ಗುಳ್ಳೆ, ಮಾಂಸಗಳ ಪಟ್ಟಿ. ಗಂಡವೂ ಪಿಲಗವೂ ದೇಹದ ಎಲ್ಲಿಯಾದರೂ ಏಳುವಂತಹವು. ಅವುಗಳ ಸಾಲಿನಲ್ಲಿ ನಿಂತ ಅಸಿಯವೂ ಎಲ್ಲಿಯಾದರೂ ಏಳುವ ಮಾಂಸಾಂಕುರವಾಗುವುದು ಯುಕ್ತ. ಚೂರ್ಣಿಯು ಮೂರು ಸ್ಥಾನಗಳನ್ನು ಹೇಳಿರುವುದು ಇದಕ್ಕಾಗಿಯೇ. ‘ಮೂಲವ್ಯಾಧಿ’ ಎಂದು ಅನುವಾದಿಸಿದರೆ ನಿಷೇಧದ ವ್ಯಾಪ್ತಿ ಮೂರರಲ್ಲಿ ಒಂದು ಸ್ಥಾನಕ್ಕೆ ಕುಗ್ಗುತ್ತದೆ. ಪ್ರಾಯಶ್ಚಿತ್ತಶಾಸ್ತ್ರದಲ್ಲಿ ಇಂತಹ ಸಂಕೋಚ ಅಲ್ಪದೋಷವಲ್ಲ.

ಚೂರ್ಣಿಯ ಅರ್ಥವು ಸುಶ್ರುತಸಂಹಿತೆಯ ಪಕ್ಷಕ್ಕೆ ಹತ್ತಿರವಾಗಿದೆ, ಚರಕಸಂಹಿತೆಯ ಪಕ್ಷಕ್ಕಲ್ಲ. ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ರೋಗಗಳನ್ನು ಮಹಾಮಯ, ಕ್ಷುದ್ರಾಮಯಗಳೆಂದು ವಿಭಾಗಿಸಿ ಅರ್ಶವನ್ನು ಮಹಾಮಯಗಳಲ್ಲಿ ಸೇರಿಸಿರುವುದೂ ಸುಶ್ರುತಸಂಹಿತೆಯ ಅಷ್ಟಮಹಾರೋಗಗಳ ಗಣನೆಗೆ ಒಪ್ಪುವಂತಿದೆ. ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದ ಆ ಗ್ರಂಥವನ್ನು ಈ ದೃಷ್ಟಿಯಿಂದ ಮತ್ತೆ ಓದುವುದು ಲಾಭದಾಯಕ.

ಇಲ್ಲಿ ಒಂದು ಊಹೆಯನ್ನು ಪಂಡಿತರ ವಿಮರ್ಶೆಗೆ ಒಪ್ಪಿಸುತ್ತೇನೆ. ‘ಅರಿಯಂತೆ ಹಿಂಸಿಸುವುದು’ ಎಂಬ ನಿರ್ವಚನಕ್ಕೆ ಸಂಸ್ಕೃತರೂಪದಲ್ಲಿ ಒಂದು ಅಡ್ಡಿಯಿದೆ : ಅರಿಶಬ್ದದ ಇಕಾರವು ಅರ್ಶಸ್ಸಿನಲ್ಲಿ ಇಲ್ಲ. ಪ್ರಾಕೃತದ ‘ಅರಿಸಾ’ದಲ್ಲಾದರೋ ‘ಅರಿ’ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಲೋಕದಲ್ಲಿ ಅರಿಸವೆಂದು ಉಚ್ಚರಿಸುತ್ತಿದ್ದ ಜನರ ನಡುವೆ ಹುಟ್ಟಿದ ನಿರ್ವಚನವನ್ನು ವೈದ್ಯರು ಸಂಸ್ಕೃತಕ್ಕೆ ಏರಿಸಿರಬಾರದೇಕೆ? ಇದನ್ನು ಸಿದ್ಧಾಂತವೆಂದು ಹೇಳುತ್ತಿಲ್ಲ. ವಿಚಾರಾರ್ಹವೆಂದು ಮಾತ್ರ ಹೇಳುತ್ತೇನೆ.

೭

ಕೊನೆಯದಾಗಿ ಕನ್ನಡದ ಮಾತು. ಗುದಾರ್ಶಕ್ಕೆ ನಮ್ಮಲ್ಲಿ ‘ಮೂಲವ್ಯಾಧಿ’, ‘ಮೊಳೆರೋಗ’ ಎಂಬ ಎರಡು ಹೆಸರುಗಳಿವೆ. ಮೊದಲನೆಯದು ಸ್ಥಾನದಿಂದ ಬಂದ ಹೆಸರು : ಮೂಲವೆಂದರೆ ದೇಹದ ಬುಡ. ಎರಡನೆಯದು ಆಕಾರದಿಂದ ಬಂದದ್ದು. ಮೊಳೆ ಎಂದರೆ ಮೊಳಕೆಯೂ ಹೌದು, ಬಡಿಯುವ ಗೂಟವೂ ಹೌದು. ಸಂಸ್ಕೃತ ವೈದ್ಯರು ‘ಮಾಂಸಾಂಕುರ’, ‘ಮಾಂಸಕೀಲ’ ಎಂದು ಎರಡು ಶಬ್ದಗಳಿಂದ ಹೇಳಿದುದನ್ನು ಕನ್ನಡವು ಒಂದೇ ಶಬ್ದದಲ್ಲಿ ಅಡಗಿಸಿದೆ. ಅಮರಕೋಶವು ಅರ್ಶಸ್ಸಿಗೆ ಪರ್ಯಾಯವಾಗಿ ಕೊಡುವ ‘ದುರ್ನಾಮಕ’ವು ಮೂರನೆಯ ಬಗೆಯದು, ಬಾಯಿಬಿಟ್ಟು ಹೇಳಬಾರದ ಹೆಸರು. ವೇದದಲ್ಲಿ ದುರ್ಣಾಮವೆಂಬುದು ಗರ್ಭಕ್ಕೆ ಕೇಡು ಬಗೆಯುವ ದುಷ್ಟಶಕ್ತಿಯ ಹೆಸರಾಗಿದ್ದಿತು.

ಅರ್ಶಸ್ಸು ಬಾಧೆಯನ್ನೂ ಮೊಳೆಯು ಆಕಾರವನ್ನೂ ಮೂಲವ್ಯಾಧಿಯು ಸ್ಥಾನವನ್ನೂ ಹಿಡಿದು ಹೊರಟ ಹೆಸರುಗಳೆಂಬುದನ್ನು ನೆನಪಿಟ್ಟರೆ, ಇವು ಎಲ್ಲೆಡೆಯೂ ಪರಸ್ಪರ ಪರ್ಯಾಯಗಳಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೂಗಿನ ಅರ್ಶಕ್ಕೆ ‘ಮೂಲವ್ಯಾಧಿ’ ಎನ್ನುವುದು ಶಬ್ದತಃ ಅಸಂಗತ. ಅದಕ್ಕೆ ನಮ್ಮ ಜನರ ಬಾಯಲ್ಲಿ ‘ದುರ್ಮಾಂಸ’ ಎಂಬ ಒಳ್ಳೆಯ ಮಾತಿದೆ. ಚರಕಸಂಹಿತೆಯ ‘ಅಧಿಮಾಂಸ’ಕ್ಕೆ ಅದು ಬಹಳ ಹತ್ತಿರದ್ದು. ಇಂದಿನ ವೈದ್ಯವಿಜ್ಞಾನವೂ ಇವೆರಡನ್ನು ಬೇರೆ ಬೇರೆ ಎಣಿಸುತ್ತದೆ : ಗುದದ್ದು ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಊದಿಕೊಂಡು ಆಗುವುದು, ಮೂಗಿನದು ಒಳಪೊರೆಯು ಊದಿ ಇಳಿಬೀಳುವುದು.

ಸೂಚಿಕಾರರಿಗೂ ಅನುವಾದಕರಿಗೂ ನನ್ನ ವಿನಂತಿ ಇಷ್ಟೇ. ಪ್ರತಿಯಲ್ಲಿ ಅರ್ಶ, ಅರಿಸ, ಅಂಸಿಯಾ, ಅಸಿಯ ಯಾವ ರೂಪವಿದೆಯೋ ಅದನ್ನು ಮೊದಲು ಯಥಾವತ್ತಾಗಿ ಬರೆದುಕೊಳ್ಳಲಿ. ಹಳಗನ್ನಡ ಲಿಪಿಯಲ್ಲಿ ರೇಫವನ್ನು ಅಕ್ಷರದ ಮುಂದೆ ಬರೆಯುವ ‘ಅಶ೯’ ಎಂಬಲ್ಲಿ ಅರ್ಕಾವೊತ್ತು ಮತ್ತು ಒಂಬತ್ತರ ಅಂಕೆ ಒಂದೇ ಆಕಾರದವೆಂಬುದನ್ನು, ವಿಶೇಷವಾಗಿ ತೂಕ ಅಳತೆಗಳು ತುಂಬಿದ ವೈದ್ಯದೋಲೆಗಳಲ್ಲಿ, ಮರೆಯದಿರಲಿ. ಆಮೇಲೆ ಪ್ರಕರಣವನ್ನು ನೋಡಿ ಗುದದ್ದಾದರೆ ಮೊಳೆರೋಗ ಅಥವಾ ಮೂಲವ್ಯಾಧಿ, ಮೂಗಿನದಾದರೆ ದುರ್ಮಾಂಸ, ಚರ್ಮದ್ದಾದರೆ ನರಹುಲಿ ಎಂದು ಬರೆಯಲಿ. ಪ್ರಕರಣವು ಸ್ಥಾನವನ್ನು ಹೇಳದಿದ್ದರೆ ‘ಮಾಂಸಾಂಕುರ’ ಎಂದು ನಿಲ್ಲಿಸಲಿ. ಗ್ರಂಥಕಾರನು ಹೇಳದೆ ಬಿಟ್ಟುದನ್ನು ಹೇಳದೆ ಬಿಡುವುದೂ ಸಂಪಾದಕನ ಕರ್ತವ್ಯವೇ.